ಬೇಸಿಗೆಗೆ ಬಾಯಿಬಿಡುವ ಗೋಡೆ

ಬಿರುಕು ಬಿಟ್ಟ ಮನೆಗಳ ರಿಪೇರಿ ಮಾಡಿಸುವುದು ನನ್ನ ಕೆಲಸ. ಏಪ್ರಿಲ್, ಮೇ ಬಂತೆಂದರೆ ನನ್ನ ಫೋನು ಸುಮ್ಮನಿರುವುದಿಲ್ಲ. ಹುಬ್ಬಳ್ಳಿ, ನವಲಗುಂದ, ಗದಗ ಕಡೆಯ ಎರೆಮಣ್ಣಿನ ಊರುಗಳಿಂದಲೇ ಹೆಚ್ಚಿನ ಕರೆಗಳು. ಎರಡು ವರ್ಷದ ಹಿಂದೆ ಹುಬ್ಬಳ್ಳಿಯ ಒಂದು ಹಳೆಯ ಮನೆಗೆ ಹೋಗಿದ್ದೆ. 1974ರಲ್ಲಿ ಕಟ್ಟಿದ್ದು, ಕಲ್ಲಿನ ತಳಪಾಯ, ಇಟ್ಟಿಗೆ ಗೋಡೆ. ಮೂಲೆಯ ಕೋಣೆಯಲ್ಲಿ ಕಿಟಕಿಯ ಮೇಲ್ತುದಿಯಿಂದ ಸೂರಿನವರೆಗೆ ಓರೆಯಾಗಿ ಒಂದು ಬಿರುಕು. ಕೆಳಗೆ ಕೂದಲೆಳೆಯಷ್ಟು, ಮೇಲೆ ಪೆನ್ಸಿಲ್ ಮೊನೆ ತೂರುವಷ್ಟು.

"ಮೂರು ಸಲ ಸಿಮೆಂಟ್ ತುಂಬಿಸೇನ್ರಿ. ಬ್ಯಾಸಗಿಗೆ ಬಾಯಿ ಬಿಡತೈತಿ, ಮಳಿ ಹಿಡದ ಮ್ಯಾಲೆ ಮುಚ್ಚಿಕೊಳ್ತೈತಿ" ಅಂದರು ಯಜಮಾನರು. ನಾನು ಹೇಳಬೇಕಾದ್ದನ್ನು ಅವರೇ ಹೇಳಿಬಿಟ್ಟಿದ್ದರು.

ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಹೊಲದಲ್ಲಿ ಕಾಲು ಸಿಕ್ಕಿಕೊಳ್ಳುವಂಥ ಬಿರುಕು ಬಿಡುವ ಅದೇ ಮಣ್ಣು ಮನೆಯ ಕೆಳಗೂ ಇದೆ. ಮನೆಯ ನಡುಭಾಗದ ಮಣ್ಣು ನೆರಳಲ್ಲಿ ತೇವವಾಗಿಯೇ ಉಳಿಯುತ್ತದೆ. ಅಂಚಿನದು ಬಿಸಿಲಿಗೆ ಒಣಗಿ ಇಳಿಯುತ್ತದೆ. ಮೂಲೆ ಕುಸಿದರೆ ಬಿರುಕು ಮೇಲೆ ಅಗಲ, ಗೋಡೆಯ ನಡುವೆಯೇ ಕುಸಿದರೆ ಕೆಳಗೆ ಅಗಲ. ನಾನು ಮೊದಲು ನೋಡುವುದೇ ಇದನ್ನು. ಆಳವಾದ ಎರೆಮಣ್ಣಿನಲ್ಲಿ ಪೈಲ್, ಅಂದರೆ ನೆಲದೊಳಗೆ ಇಳಿಸುವ ಕಾಂಕ್ರೀಟ್ ಕಂಬ, ಹಾಕುವುದಾದರೆ ಕನಿಷ್ಠ 3.5 ಮೀಟರ್ ಆಳಕ್ಕಿಳಿಯಬೇಕು ಎನ್ನುತ್ತದೆ ಭಾರತೀಯ ಮಾನಕ. ಈ ಮನೆಯ ಪಾಯ ಮೂರಡಿಯೂ ಸರಿಯಾಗಿ ಇರಲಿಲ್ಲ.

ಬೇಸಿಗೆಯಲ್ಲಿ ಬಿರುಕು ಪೂರ್ತಿ ತೆರೆದಿರುವಾಗ ಗೌಂಡಿ ಅದರಲ್ಲಿ ಗಟ್ಟಿ ಸಿಮೆಂಟ್ ತುಂಬುತ್ತಾನೆ. ಮಳೆಗಾಲಕ್ಕೆ ಮಣ್ಣು ಉಬ್ಬಿ ಗೋಡೆ ಮೊದಲಿನ ಜಾಗಕ್ಕೆ ಮರಳಲು ನೋಡಿದರೆ ಆ ಸಿಮೆಂಟು ಬೆಣೆಯಂತೆ ನಡುವೆ ನಿಂತಿರುತ್ತದೆ. ಮುಂದಿನ ವರ್ಷ ಪಕ್ಕದಲ್ಲೇ ಇನ್ನೊಂದು ಬಿರುಕು. ತಪ್ಪು ಗೌಂಡಿಯದಲ್ಲ, ತಿಂಗಳಿನದು.

ನಾನು ಆ ದಿನ ಮಾಡಿದ್ದು ಇಷ್ಟೇ: ಬಿರುಕಿನ ಎರಡೂ ಬದಿಗೆ ಒಂದೊಂದು ಸ್ಕ್ರೂ ಬಿಗಿದು, ನಡುವಿನ ಅಂತರ ಅಳೆದು, ಗೋಡೆಯ ಮೇಲೇ ತಾರೀಖು ಬರೆದೆ. ಗಾಜಿನ ಪಟ್ಟಿ ಅಂಟಿಸುವ ಪದ್ಧತಿಯೂ ಇದೆ. ಗಾಜು ಒಡೆದರೆ ಗೋಡೆ ಸರಿಯಿತು ಅಂತ ಗೊತ್ತಾಗುತ್ತದೆ, ಎಷ್ಟು ಸರಿಯಿತು ಅಂತ ಗೊತ್ತಾಗುವುದಿಲ್ಲ. ಒಂದು ಮಿಲಿಮೀಟರಿಗಿಂತ ಸಣ್ಣ ಬಿರುಕಿಗೆ ಸಾಮಾನ್ಯವಾಗಿ ಇಷ್ಟೆಲ್ಲ ಉಪಚಾರ ಬೇಡ. ಆದರೆ ಗೋಡೆ ಹೊಟ್ಟೆ ಬಿಟ್ಟಿದ್ದರೆ, ಬಿರುಕು ದಿನದಿನಕ್ಕೆ ಹಿಗ್ಗುತ್ತಿದ್ದರೆ, ತೊಲೆಯ ತುದಿ ಗೋಡೆಯಿಂದ ಜಾರುತ್ತಿದ್ದರೆ ಅಳೆಯುತ್ತ ಕೂರಬೇಡಿ. ಆ ಕೋಣೆ ಖಾಲಿ ಮಾಡಿ, ಆಸರೆ ಕೊಡಿಸಿ, ಇಂಜಿನಿಯರನ್ನು ಕರೆಯಿರಿ.

ನಂತರ ಹೊರಗೆ ಬಂದೆ. ಇಂಥ ಮನೆಯ ರಿಪೇರಿ ಶುರುವಾಗುವುದು ಅಲ್ಲಿಂದಲೇ. ತಾರಸಿಯ ಪೈಪು ಪಾಯದ ಬುಡಕ್ಕೇ ನೀರು ಸುರಿಯುತ್ತಿತ್ತು. ದಿನಾ ನಲ್ಲಿ ಬಾರದ ಊರಾದ್ದರಿಂದ ಗೋಡೆಗೆ ಹೊಂದಿಕೊಂಡೇ ನೆಲದ ಟಾಕಿ, ಅದೂ ಸೋರುತ್ತಿತ್ತು. ಮೂಲೆಯಿಂದ ಎಂಟಡಿಯಲ್ಲಿ ದೊಡ್ಡ ಬೇವಿನ ಮರ. ಒಂದು ಕಡೆ ಸದಾ ನೀರು, ಇನ್ನೊಂದು ಕಡೆ ಬೇರು ಹೀರುವ ನೀರು.

ಟಾಕಿ ದುರಸ್ತಿಯಾಯಿತು. ಪೈಪಿನ ನೀರು ಗಟಾರಕ್ಕೆ ಹೋಯಿತು. ಮನೆಯ ಸುತ್ತ ಆರಡಿ ಅಗಲಕ್ಕೆ ಎರೆಮಣ್ಣು ತೆಗೆದು, ಗರಸು ಹಾಕಿ ದಮ್ಮಸ್ಸು ಮಾಡಿ, ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೆ ಹೊರಗಡೆಗೆ ಇಳಿಜಾರಾಗಿ ಫರಸಿ ಕಲ್ಲು ಕೂರಿಸಿದೆವು. ಮಳೆ ನೀರು ಪಾಯಕ್ಕೆ ಇಳಿಯಬಾರದು, ಬಿಸಿಲೂ ಅಲ್ಲಿನ ತೇವ ಎಳೆಯಬಾರದು. ಬೇವಿನ ಮರ ಕಡಿಯಲು ಮಾತ್ರ ನಾನು ಒಪ್ಪಲಿಲ್ಲ. ಹಳೆಯ ಮರ ಒಮ್ಮೆಗೇ ಹೋದರೆ ಅದು ಕುಡಿಯುತ್ತಿದ್ದ ನೀರೆಲ್ಲ ಮಣ್ಣಲ್ಲೇ ಉಳಿದು ನೆಲ ಉಬ್ಬೀತು. ಟೊಂಗೆ ಸವರಿಸಿದೆವು ಅಷ್ಟೇ.

ಕಿಟಕಿಯ ಮೇಲೆ ಚಾಚಿದ ಕಾಂಕ್ರೀಟ್ ಸಜ್ಜಾ ಒಡೆದಿದ್ದರೆ ಅದರ ಕೆಲಸವೇ ಬೇರೆ: ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನು ಸಿಡಿಸಿರುತ್ತದೆ. ಸರಳಿನ ಹಿಂಭಾಗದವರೆಗೂ ಕೆತ್ತಿ, ತುಕ್ಕು ತಿಕ್ಕಿ ತೆಗೆಯದೆ ಮೇಲೆ ಗಿಲಾವು ಬಳಿದರೆ ದುಡ್ಡು ದಂಡ.

ಮೇ ತಿಂಗಳಲ್ಲಿ ಐದು ಮಿಲಿಮೀಟರ್ ತೆರೆದಿದ್ದ ಬಿರುಕು ಮುಂದಿನ ಮೇಗೆ ಒಂದೂವರೆಯಷ್ಟೇ ತೆರೆಯಿತು. ಡಿಸೆಂಬರಿನಲ್ಲಿ, ಮಣ್ಣು ತೀರಾ ಹಸಿಯೂ ತೀರಾ ಒಣಗಿಯೂ ಇಲ್ಲದಾಗ, ಇಟ್ಟಿಗೆಯ ನಾಲ್ಕೈದು ಸಾಲಿಗೊಮ್ಮೆ ಸಂದು ಕೆತ್ತಿ, ಬಿರುಕಿನ ಎರಡೂ ಕಡೆ ಅರ್ಧ ಮೀಟರ್ ಚಾಚುವಂತೆ ಸ್ಟೇನ್‌ಲೆಸ್ ಸರಳು ಹಾಕಿ ಹೊಲಿದೆವು. ಬಿರುಕಿಗೆ ತುಂಬಿದ್ದು ಸುಣ್ಣದ ಗಾರೆ. ಅದು ಸಿಮೆಂಟಿನಷ್ಟು ಹಟಮಾರಿಯಲ್ಲ.

ಕೊನೆಗೆ ಉಳಿದದ್ದು ಕಾಂಪೌಂಡ್ ಗೋಡೆ. ಅದರ ಪಾಯ ಇನ್ನೂ ಮೇಲೆ, ಕುಣಿತ ಇನ್ನೂ ಜಾಸ್ತಿ. ಮನೆಗೆ ಕಟ್ಟಿಕೊಂಡಿದ್ದರಿಂದ ಮನೆಯನ್ನೂ ಎಳೆಯುತ್ತಿತ್ತು. ಎರಡರ ನಡುವೆ ಮೇಲಿಂದ ಕೆಳಗಿನವರೆಗೆ ಮುಕ್ಕಾಲು ಇಂಚು ಸಂದಿ ಕೊರೆಸಿದೆ. ಯಜಮಾನರಿಗೆ ಸಮಾಧಾನವಾಗಲಿಲ್ಲ.

"ಈ ಸಂದ್ಯಾಗ ಓತಿಕ್ಯಾತ ಹೊಕ್ಕೊಂತೈತಲ್ರಿ."

"ಹೊಕ್ಕೊಳ್ಳಲಿ ಬಿಡ್ರಿ" ಅಂದೆ.