ಅಂಪೈರ್ ಕೈ ಚಾಚಿದ್ರೂ ಆಟ ಯಾಕೆ ನಿಲ್ಲಲ್ಲ? ಸಾಫ್ಟ್‌ಬಾಲ್ ಅಬ್ಸ್ಟ್ರಕ್ಷನ್ ಹಿಂದಿನ ಕಥೆ

ಕ್ರಿಕೆಟ್ ನೋಡಿ ಬೆಳೆದೋರಿಗೆ ಬೇಸ್‌ಬಾಲ್ ಥರದ ಸಾಫ್ಟ್‌ಬಾಲಲ್ಲಿ ತಲೆ ಕೆಡೋ ಜಾಗ ಇದು. ರನ್ನರ್ ಒಂದು ಬೇಸಿಂದ (ಓಡಿ ಮುಟ್ಬೇಕಾದ ಗುರುತಿನ ಜಾಗ) ಇನ್ನೊಂದಕ್ಕೆ ಓಡ್ತಾ ಇದಾಳೆ, ಕೈಲಿ ಬಾಲ್ ಇಲ್ದೇ ಇರೋ ಫೀಲ್ಡರ್ ದಾರಿಗೆ ಅಡ್ಡ ನಿಂತಿದಾಳೆ (ಇದೇ ಅಬ್ಸ್ಟ್ರಕ್ಷನ್), ಅಂಪೈರ್ ಎಡಗೈ ಮುಷ್ಟಿ ಹಿಡಿದು ಪಕ್ಕಕ್ಕೆ ಚಾಚ್ತಾರೆ, ಆದ್ರೂ ಆಟ ಮಾತ್ರ ನಡೀತಾನೇ ಇರತ್ತೆ. ಡಿಲೇಡ್ ಡೆಡ್ ಬಾಲ್ ಅಂದ್ರೆ ಇದೇ, ತಪ್ಪನ್ನ ಆಗಲೇ ಗುರುತಿಸಿ, ತೀರ್ಪು ಮಾತ್ರ ಆಮೇಲೆ ಕೊಡೋದು. ಕ್ರಿಕೆಟ್‌ನಲ್ಲಿ ಫೀಲ್ಡರ್ ಬೇಕಂತ ಬ್ಯಾಟರ್‌ಗೆ ಅಡ್ಡ ಬಂದ್ರೆ ತಕ್ಷಣ ಡೆಡ್ ಬಾಲ್, 5 ಪೆನಾಲ್ಟಿ ರನ್, ಮುಗೀತು.

ಇಲ್ಲಿ ಯಾಕೆ ಕಾಯೋದು ಅಂದ್ರೆ, ಅಲ್ಲೇ ನಿಲ್ಸಿಬಿಟ್ರೆ ತಪ್ಪು ಮಾಡಿದ ಟೀಮಿಗೇ ಲಾಭ. ಸೆಕೆಂಡ್ ಬೇಸ್ ಹತ್ರ ಒಬ್ಬಳನ್ನ ತಡೆದಾಗ ಮುಂದಿರೋ ಇನ್ನೊಬ್ಬ ರನ್ನರ್ ಹೋಮ್ (ಮುಟ್ಟಿದ್ರೆ ರನ್ ಸಿಗೋ ಕೊನೇ ಬೇಸ್) ಕಡೆ ಓಡ್ತಿರಬಹುದು, ಆ ರನ್ ಯಾಕೆ ಹೋಗ್ಬೇಕು? ಅದಕ್ಕೇ ಆ ಬಾಲಿನ ಆಟ ಮುಗಿಯೋ ತನಕ ಬಿಟ್ಟು, ಆಮೇಲೆ ಅಡ್ಡಿ ಇಲ್ದಿದ್ರೆ ತಡೆಸಿಕೊಂಡವಳು ಯಾವ ಬೇಸ್ ಮುಟ್ತಿದ್ಲು ಅಂತ ಅಂಪೈರ್ ಅಂದಾಜು ಮಾಡಿ ಆ ಬೇಸ್ ಕೊಡ್ತಾರೆ. ಅಡ್ಡಿ ಆದ ಎರಡು ಬೇಸ್ ಮಧ್ಯೆನೇ ಅವಳನ್ನ ಟ್ಯಾಗ್ ಮಾಡಿದ್ರೆ (ಬಾಲ್ ಹಿಡಿದ ಕೈಲಿ ಮುಟ್ಟಿದ್ರೆ) ಮಾತ್ರ ಆಗಲೇ ಡೆಡ್ ಬಾಲ್ ಕರೀತಾರೆ, ಕೆಲವು ಎಕ್ಸೆಪ್ಷನ್ ಬಿಟ್ರೆ ಅಲ್ಲಿ ಅವಳು ಔಟಲ್ಲ.

ಈ ಆಟ 1887ರಲ್ಲಿ ಶಿಕಾಗೋದ ಒಂದು ಬೋಟ್ ಕ್ಲಬ್ ಒಳಗೆ, ಬಾಕ್ಸಿಂಗ್ ಗ್ಲೌಸನ್ನೇ ಬಾಲ್ ಮಾಡ್ಕೊಂಡು ಪೊರಕೆ ಹಿಡಿಕೋಲಲ್ಲಿ ಹೊಡೆದು ಶುರುವಾಗಿದ್ದು. ಒಳಾಂಗಣದ ಆಟ ಆದ್ದರಿಂದ ಅಳತೆ ಎಲ್ಲಾ ಚಿಕ್ಕದು, ಈಗ್ಲೂ ಬೇಸ್‌ಬಾಲ್‌ನ 90 ಅಡಿ ಎದುರು ಫಾಸ್ಟ್‌ಪಿಚ್‌ನಲ್ಲಿ (ಬಾಲನ್ನ ವೇಗವಾಗಿ ಎಸೆಯೋ ಸಾಫ್ಟ್‌ಬಾಲ್) ಬೇಸಿಂದ ಬೇಸಿಗೆ ಬರೀ 60 ಅಡಿ. ಹಾಗಾಗಿ ಬಾಲ್, ರನ್ನರ್, ಫೀಲ್ಡರ್ ಮೂರೂ ಒಂದೇ ಕ್ಷಣಕ್ಕೆ ಒಂದೇ ಜಾಗಕ್ಕೆ ಬಂದು ಬೀಳೋದು ಮಾಮೂಲು.

ಅಸಲಿ ಜಗಳ ಇದ್ದಿದ್ದು 'ಬಾಲ್ ಈಗ ಬರ್ತಿದೆ' ಅನ್ನೋ ವಿನಾಯ್ತಿ ಬಗ್ಗೆ. ಅಮೆರಿಕದ ಅಮೆಚೂರ್ ಸಾಫ್ಟ್‌ಬಾಲ್ ಅಸೋಸಿಯೇಷನ್ ರೂಲಲ್ಲಿ, ಎಸೆದ ಬಾಲ್ ಇನ್ನೇನು ಕೈಗೆ ಸಿಗತ್ತೆ ಅನ್ನೋ ಸ್ಥಿತಿಲಿರೋ ಫೀಲ್ಡರ್ ದಾರೀಲಿ ನಿಂತ್ರೂ ತಪ್ಪಿರಲಿಲ್ಲ. ಇನ್ನೇನು ಅಂದ್ರೆ ಎಷ್ಟು ದೂರ? 'ಇಲ್ಲೇ ಕಾರ್ನರಲ್ಲಿದೀನಿ' ಅಂತ ಫೋನಲ್ಲಿ ಹೇಳೋರ ಥರ, ಒಬ್ಬೊಬ್ಬ ಅಂಪೈರಿಗೆ ಒಂದೊಂದು ಅಳತೆ! ಕೊನೆಗೆ 2004ರಲ್ಲಿ ಆ ಮಾತನ್ನೇ ತೆಗೆದ್ರು. ಎಸೆದ ಬಾಲ್ ಆದ್ರೆ ಕೈಲಿ ಇರ್ಬೇಕು, ಇಲ್ದಿದ್ರೆ ದಾರಿ ಬಿಡ್ಬೇಕು. ಹೊಡೆದ ಬಾಲನ್ನ ಹಿಡಿಯೋಕೆ ಹೋಗ್ತಿರೋ ಫೀಲ್ಡರ್‌ಗೆ ಮಾತ್ರ ಇದು ಅನ್ವಯಿಸಲ್ಲ, ಅವಳಿಗೆ ರನ್ನರ್ ಅಡ್ಡ ಬಂದ್ರೆ ಅದು ಇಂಟರ್ಫಿಯರೆನ್ಸ್, ಸಾಮಾನ್ಯವಾಗಿ ಅಲ್ಲೇ ಡೆಡ್ ಬಾಲ್.

ನನ್ ಪ್ರಕಾರ ಈ ಬದಲಾವಣೆ ಸರಿನೇ. ಆದ್ರೆ ಕೋಚ್‌ಗಳು ಈಗ್ಲೂ 'ಬೇಕಂತ ಮಾಡ್ಲಿಲ್ಲ ಸಾರ್' ಅಂತ ಬರ್ತಾರೆ. ಉದ್ದೇಶ ಇಲ್ಲಿ ಲೆಕ್ಕಕ್ಕೇ ಇಲ್ಲ. ಬೇಸ್‌ಬಾಲಲ್ಲೂ ಅಷ್ಟೇ, 2013ರ ವರ್ಲ್ಡ್ ಸೀರೀಸ್ (ಅಮೆರಿಕದ ಬೇಸ್‌ಬಾಲ್ ಫೈನಲ್ ಸರಣಿ) ಮೂರನೇ ಮ್ಯಾಚ್ ಮುಗಿದಿದ್ದೇ ಇಂಥ ಕಾಲ್‌ನಿಂದ. ಬಾಲ್ ಹಿಡಿಯೋಕೆ ಹಾರಿ ಬಿದ್ದಿದ್ದ ಬೋಸ್ಟನ್‌ನ ವಿಲ್ ಮಿಡಲ್‌ಬ್ರೂಕ್ಸ್‌ಗೆ ಸೇಂಟ್ ಲೂಯಿಸ್‌ನ ಅಲೆನ್ ಕ್ರೇಗ್ ಎಡವಿದ, ಅಂಪೈರ್ ಜಿಮ್ ಜಾಯ್ಸ್ ಅಬ್ಸ್ಟ್ರಕ್ಷನ್ ಅಂದ್ರು, ಹೋಮ್‌ನಲ್ಲಿ ಟ್ಯಾಗ್ ಬಿದ್ದಿದ್ರೂ ಕ್ರೇಗ್ ಸೇಫ್, ಸ್ಕೋರ್ 5-4.