ಕಲ್ಲಿದ್ದಲೇ ಇಲ್ಲದ ಭದ್ರಾವತಿಗೆ ಕಬ್ಬಿಣದ ಕಾರ್ಖಾನೆ ಯಾಕೆ ಬಂತು?

ಪ್ರಶ್ನೆ: ಹತ್ತನೇ ಕ್ಲಾಸಿನ ಮಗಳಿಗೆ ಸಮಾಜ ವಿಜ್ಞಾನ ಹೇಳಿಕೊಡ್ತಾ ಇದ್ದೆ. ಕಬ್ಬಿಣದ ಕಾರ್ಖಾನೆಗಳು ಕಲ್ಲಿದ್ದಲು ಸಿಗುವ ಜಾಗದ ಹತ್ತಿರ ಬರುತ್ತವೆ ಅಂತ ಓದಿದಳು. ಸ್ವಲ್ಪ ಮುಂದೆ ಭದ್ರಾವತಿ ಹೆಸರು ಬಂತು. ‘ಅಪ್ಪಾ, ನಮ್ಮ ಜಿಲ್ಲೆಯಲ್ಲಿ ಕಲ್ಲಿದ್ದಲು ಎಲ್ಲಿದೆ?’ ಅಂದಳು. ಗೈಡ್ ತೆಗೆದು ನೋಡಿದರೆ ‘ಜೋಗದ ವಿದ್ಯುತ್, ಭದ್ರಾ ಜಲಾಶಯದ ನೀರು’ ಅಂತ ಬರೆದಿದ್ದಾರೆ. ಇದು ಸರಿಯಾದ ಉತ್ತರವಾ?
– ಶಿವಮೊಗ್ಗದಿಂದ ಒಬ್ಬ ಓದುಗರು

ಉತ್ತರ: ಮೊದಲು ಗೈಡಿನ ವಿಚಾರ ಮುಗಿಸಿಬಿಡೋಣ. ಭದ್ರಾವತಿಯ ಊದುಕುಲುಮೆ, ಅಂದರೆ ಗಾಳಿ ಊದಿ ಅದಿರಿನಿಂದ ಕಬ್ಬಿಣ ತೆಗೆಯುವ ಕುಲುಮೆ, ಕೆಲಸ ಶುರು ಮಾಡಿದ್ದು 1923ರಲ್ಲಿ. ಜೋಗದಲ್ಲಿ ಈಗ ಮಹಾತ್ಮ ಗಾಂಧಿ ಹೆಸರಿನಲ್ಲಿರುವ ವಿದ್ಯುದಾಗಾರ ಶುರುವಾಗಿದ್ದು 1948ರಲ್ಲಿ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟು ಮುಗಿದಿದ್ದು ಇನ್ನೂ ಆಮೇಲೆ, 1960ರ ದಶಕದಲ್ಲಿ. ಕಾರ್ಖಾನೆ ಕಟ್ಟಿದವರು ಕಾಲು ಶತಮಾನ ಬಿಟ್ಟು ಬರುವ ಕರೆಂಟನ್ನು ನಂಬಿ ಜಾಗ ಆರಿಸಿದರು ಅಂತ ಹೇಳೋಕಾಗಲ್ಲ, ಅಲ್ವಾ? ಜೋಗದ ಕರೆಂಟು ಕಾರ್ಖಾನೆಗೆ ಆಮೇಲೆ ಬಹಳ ಕೆಲಸಕ್ಕೆ ಬಂತು, ಅದು ನಿಜ. ಆದರೆ ಕಾರ್ಖಾನೆ ಅಲ್ಲಿಗೆ ಬಂದಿದ್ದಕ್ಕೆ ಅದು ಕಾರಣ ಅಲ್ಲ. ಪರೀಕ್ಷೆಯಲ್ಲಿ ಹಾಗೆ ಬರೆದರೂ ಅಂಕ ಸಿಗಬಹುದು. ಮಗಳು ಕೇಳಿದ ಪ್ರಶ್ನೆಗೆ ಮಾತ್ರ ಅದು ಉತ್ತರ ಆಗುವುದಿಲ್ಲ.

ಅವಳು ಕೇಳಿದ್ದು ಸರಿಯಾದ ಪ್ರಶ್ನೆ. ಭದ್ರಾವತಿಯಲ್ಲಷ್ಟೇ ಅಲ್ಲ, ಇಡೀ ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿ ಇಲ್ಲ. ಕಲ್ಲಿದ್ದಲು ಆಗೋದು ಮರಗಿಡಗಳಿಂದ. ಹಿಂದೊಂದು ಕಾಲದ ಜೌಗು ಕಾಡುಗಳು ಮಣ್ಣಿನಡಿ ಹೂತು, ಒತ್ತಡಕ್ಕೆ ಸಿಕ್ಕಿ, ಕಲ್ಲಿದ್ದಲಾಗಿವೆ. ಜಾರ್ಖಂಡಿನ ಝರಿಯಾ, ಬಂಗಾಳದ ರಾಣಿಗಂಜ್, ತೆಲಂಗಾಣದ ಸಿಂಗರೇಣಿ, ಇವೆಲ್ಲ ಸುಮಾರು 25ರಿಂದ 30 ಕೋಟಿ ವರ್ಷ ಹಳೆಯ ಪದರಗಳು. ನಮ್ಮ ಬಾಬಾಬುಡನ್‌ಗಿರಿ ಸಾಲಿನ ಕಲ್ಲುಗಳು 250 ಕೋಟಿ ವರ್ಷಕ್ಕಿಂತ ಹಳೆಯವು. ಆಗ ನೆಲದ ಮೇಲೆ ಮರ ಹಾಗಿರಲಿ, ಹುಲ್ಲೂ ಇರಲಿಲ್ಲ. ಮರವೇ ಇಲ್ಲದ ಕಾಲದ ಕಲ್ಲಿನಲ್ಲಿ ಕಲ್ಲಿದ್ದಲು ಎಲ್ಲಿಂದ ಬರಬೇಕು? ಆದರೆ ಆಗಿನ ಸಮುದ್ರದ ತಳದಲ್ಲಿ ಕಬ್ಬಿಣ ಪದರ ಪದರವಾಗಿ ಕೂತಿತ್ತು. ಅದೇ ಇವತ್ತು ಆ ಸಾಲಿನ ಕೆಮ್ಮಣ್ಣುಗುಂಡಿಯಲ್ಲಿರುವ ಅದಿರು. ನಮಗೆ ಕಬ್ಬಿಣ ಧಾರಾಳವಾಗಿ ಸಿಕ್ಕಿದ್ದಕ್ಕೂ ಕಲ್ಲಿದ್ದಲು ಒಂದು ಚೂರೂ ಸಿಗದೇ ಇರೋದಕ್ಕೂ ಕಾರಣ ಒಂದೇ: ಇಲ್ಲಿನ ಕಲ್ಲಿನ ವಯಸ್ಸು.

ಇನ್ನು ಕಬ್ಬಿಣಕ್ಕೆ ಕಲ್ಲಿದ್ದಲು ಯಾಕೆ ಬೇಕು ಅನ್ನೋದನ್ನು ನೋಡೋಣ. ಇಲ್ಲೇ ತುಂಬಾ ಜನ ಎಡವುತ್ತಾರೆ. ಬೆಂಕಿಗೆ ಬೇಕು ಅಂತ ಎಲ್ಲರೂ ಹೇಳುತ್ತಾರೆ. ಅದು ಒಂದು ಕೆಲಸ ಅಷ್ಟೇ. ಇನ್ನೊಂದು ಕೆಲಸ ಅದಕ್ಕಿಂತ ಮುಖ್ಯ. ಅದಿರಿನಲ್ಲಿ ಕಬ್ಬಿಣ ಒಂಟಿಯಾಗಿ ಇರುವುದಿಲ್ಲ, ಆಮ್ಲಜನಕದ ಜೊತೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಎಷ್ಟೇ ಕಾಯಿಸಿದರೂ ಸುಮ್ನೆ ಬಿಸಿಗೆ ಅದು ಬಿಡುವುದಿಲ್ಲ. ಆಮ್ಲಜನಕವನ್ನು ಕಿತ್ತುಕೊಂಡು ಹೋಗೋಕೆ ಇಂಗಾಲ ಬೇಕು. ಕುಲುಮೆಯೊಳಗೆ ಇಂಗಾಲ ಉರಿದು ಇಂಗಾಲದ ಮೊನಾಕ್ಸೈಡ್ ಅನಿಲ ಆಗುತ್ತದೆ. ಆ ಅನಿಲ ಮೇಲೇರುತ್ತಾ ಅದಿರಿನ ಆಮ್ಲಜನಕ ಎಳೆದುಕೊಂಡು ಇಂಗಾಲದ ಡೈಆಕ್ಸೈಡ್ ಆಗಿ ಹೊರಗೆ ಹೋಗುತ್ತದೆ. ಉಳಿದ ಕಬ್ಬಿಣ ಕರಗಿ ತಳಕ್ಕೆ ಇಳಿಯುತ್ತದೆ. ಅದಿರಿನ ಮಣ್ಣು ಮರಳು ಸುಣ್ಣದ ಕಲ್ಲಿನ ಜೊತೆ ಸೇರಿ ಕಿಟ್ಟವಾಗಿ ಮೇಲೆ ತೇಲುತ್ತದೆ.

ಹಾಗಾದರೆ ಬೇಕಾಗಿದ್ದು ಇಂಗಾಲ. ಅದು ಕಲ್ಲಿದ್ದಲೇ ಆಗಬೇಕು ಅಂತ ನಿಯಮ ಇಲ್ಲ. ನಮ್ಮ ಹಳ್ಳಿಯ ಕಮ್ಮಾರರು ತಲೆತಲಾಂತರದಿಂದ ಮರದ ಇದ್ದಿಲಿನಲ್ಲೇ ಕುಲುಮೆ ನಡೆಸಿದ್ದಾರೆ. ಮೈಸೂರು ಸಂಸ್ಥಾನ ಭದ್ರಾವತಿಯಲ್ಲಿ ಮಾಡಿದ್ದೂ ಅದನ್ನೇ, ದೊಡ್ಡ ಪ್ರಮಾಣದಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ಮುಂದಾಳತ್ವದಲ್ಲಿ ಈ ಯೋಜನೆ ರೂಪುಗೊಂಡಿತು. ಆಗ ಊರಿನ ಹೆಸರು ಬೆಂಕಿಪುರ.

ಇದ್ದಿಲಿಗೆ ಒಂದು ದೊಡ್ಡ ತೊಂದರೆ ಇದೆ. ಅದನ್ನು ತಿಳಿದುಕೊಂಡರೆ ಜಾಗದ ಪ್ರಶ್ನೆ ಅರ್ಧ ಬಿಡಿಸಿದ ಹಾಗೆ. ಒಂದು ತುಂಡು ಇದ್ದಿಲು ಕೈಯಲ್ಲಿ ಹಿಡಿದು ನೋಡಿ. ತೂಕವೇ ಇಲ್ಲ. ಬೆರಳಲ್ಲಿ ಒತ್ತಿದರೆ ಅಂಚು ಉದುರುತ್ತದೆ, ಕೈಯೆಲ್ಲ ಕಪ್ಪು. ಒಂದು ಚೀಲ ತುಂಬಿ ಗಾಡಿಯಲ್ಲಿ ಕುಲುಕಾಡಿಸಿಕೊಂಡು ಹತ್ತಾರು ಮೈಲಿ ಹೋದರೆ ತಳದಲ್ಲಿ ಬರೀ ಪುಡಿ. ಆ ಪುಡಿ ಊದುಕುಲುಮೆಗೆ ಹಾಕಿದರೆ ಗಾಳಿ ಆಡುವುದಿಲ್ಲ. ಅಂದರೆ ಇದ್ದಿಲು ತುಂಬಾ ಜಾಗ ತಿನ್ನುತ್ತದೆ, ದೂರದ ಪ್ರಯಾಣ ತಡೆಯುವುದಿಲ್ಲ. ಅದಿರು ಹಾಗಲ್ಲ. ಭಾರ ಜಾಸ್ತಿ, ಆದರೆ ಎಷ್ಟು ದೂರ ಸಾಗಿಸಿದರೂ ಕೆಡುವುದಿಲ್ಲ. ಕಲ್ಲಿದ್ದಲಿನಿಂದ ಮಾಡುವ ಕೋಕ್ ಕೂಡ ಗಟ್ಟಿ. ಆದ್ದರಿಂದ ಇದ್ದಿಲು ನಂಬಿದ ಕಾರ್ಖಾನೆ ಕಾಡಿನ ಮಡಿಲಲ್ಲೇ ಇರಬೇಕು, ಅದಿರೇ ಅದರ ಕಡೆಗೆ ಬರಬೇಕು.

ಹಾಗಾದರೆ ಯಾವ ಕಾಡು? ಮಲೆನಾಡಿನಲ್ಲಿ ಕಾಡಿಗೇನು ಬರ. ಆದರೆ ಎಲ್ಲ ಕಾಡೂ ಈ ಕೆಲಸಕ್ಕೆ ಒಂದೇ ಥರ ಅಲ್ಲ. ಇಲ್ಲಿ ಹವಾಮಾನದ ಪಾಠ ಕೈಗಾರಿಕೆಯ ಪಾಠದೊಳಗೆ ಬರುತ್ತದೆ. ಅರಬ್ಬೀ ಸಮುದ್ರದಿಂದ ಬರುವ ನೈರುತ್ಯ ಮಾರುತ ಪಶ್ಚಿಮ ಘಟ್ಟಕ್ಕೆ ತಾಗಿ ಮೇಲೇರುತ್ತದೆ, ತಣ್ಣಗಾಗುತ್ತದೆ, ಅಲ್ಲೇ ಸುರಿದುಬಿಡುತ್ತದೆ. ಘಟ್ಟದ ನೆತ್ತಿಯ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೇಲೆ ಮಳೆ. ಅಲ್ಲಿಂದ ಭದ್ರಾವತಿಗೆ ನೇರ ಗೆರೆ ಎಳೆದರೆ ಸುಮಾರು 75 ಕಿ.ಮೀ. ಅಷ್ಟರೊಳಗೆ ಮಳೆ 1,000 ಮಿ.ಮೀ. ಆಸುಪಾಸಿಗೆ ಇಳಿದಿರುತ್ತದೆ. ಆಗುಂಬೆ ಕಡೆ ನಿತ್ಯಹರಿದ್ವರ್ಣದ ಕಾಡು, ನೆಲ ಒಣಗುವುದೇ ಅಪರೂಪ. ಭದ್ರಾವತಿ ಆಸುಪಾಸಿನ ಉಂಬ್ಳೇಬೈಲು, ಲಕ್ಕವಳ್ಳಿ ಕಡೆ ಬೇಸಿಗೆಯಲ್ಲಿ ಎಲೆ ಉದುರಿಸುವ ಕಾಡು, ಮತ್ತಿಯಂಥ ಗಟ್ಟಿ ಮರಗಳು. ಮಳೆಗಾಲಕ್ಕೆ ಸೌದೆ ಕೂಡಿಡುವ ಪಾಡು ಮಲೆನಾಡಿನ ಯಾರನ್ನು ಕೇಳಿದರೂ ಹೇಳುತ್ತಾರೆ. ಹಸಿ ಮರ ಇದ್ದಿಲು ಮಾಡೋಕೆ ಹೋದರೆ ನೀರು ಆರಿಸೋದರಲ್ಲೇ ಅರ್ಧ ಬೆಂಕಿ ಖರ್ಚು. ಮರ ಬೆಳೆಯುವಷ್ಟು ಮಳೆ, ಕಡಿದ ಮರ ಒಣಗುವಷ್ಟು ಬಿಸಿಲು, ಎರಡೂ ಇರುವ ಪಟ್ಟಿ ಇದು. ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಅಂಚು.

ಉಳಿದ ಕಾರಣಗಳನ್ನು ನಕ್ಷೆ ಮುಂದಿಟ್ಟುಕೊಂಡು ಓದಿ. ಅದಿರು ಕೆಮ್ಮಣ್ಣುಗುಂಡಿಯಲ್ಲಿ, ಸಮುದ್ರ ಮಟ್ಟದಿಂದ 1,400 ಮೀಟರ್ ಎತ್ತರದಲ್ಲಿ. ಭದ್ರಾವತಿ ಇರೋದು ಹೆಚ್ಚೂಕಮ್ಮಿ 600 ಮೀಟರ್‌ನಲ್ಲಿ. ತುಂಬಿದ ಭಾರವೆಲ್ಲ ಇಳಿಜಾರಿನಲ್ಲಿ ಬರುತ್ತದೆ. ಬೆಟ್ಟದಿಂದ ತಣಿಗೆಬೈಲಿಗೆ ತಂತಿಹಾದಿಯಲ್ಲಿ ತೊಟ್ಟಿಗಳಲ್ಲಿ ಅದಿರು ಇಳಿಸುತ್ತಿದ್ದರು. ಅಲ್ಲಿಂದ ಕಾರ್ಖಾನೆಗೆ ಸಣ್ಣ ಟ್ರಾಮ್ ರೈಲು. ಸುಣ್ಣದ ಕಲ್ಲು ಹತ್ತಿರದ ಭಂಡಿಗುಡ್ಡದಿಂದ. ನೀರು ಭದ್ರಾ ನದಿಯಿಂದ, ಆಗ ಅಣೆಕಟ್ಟಿಲ್ಲದೆ ಹರಿಯುತ್ತಿದ್ದ ಹೊಳೆಯಿಂದ. ಬೀರೂರು–ಶಿವಮೊಗ್ಗ ರೈಲು ದಾರಿ 1899ರಲ್ಲೇ ಆಗಿತ್ತು, ಅದು ಊರಿನ ಮೂಲಕವೇ ಹಾದುಹೋಗುತ್ತದೆ. ಕಟ್ಟಡಗಳಿಗೆ ಸಮತಟ್ಟು ನೆಲ ಇತ್ತು. ಗಣಿಯ ಪಕ್ಕದಲ್ಲೇ ಕಾರ್ಖಾನೆ ಕಟ್ಟಬಹುದಿತ್ತಲ್ಲ ಅಂತ ಮಕ್ಕಳು ಕೇಳುತ್ತಾರೆ. ಕೆಮ್ಮಣ್ಣುಗುಂಡಿ ನೋಡಿದವರು ಹಾಗೆ ಕೇಳುವುದಿಲ್ಲ. ಅಲ್ಲಿ ಒಂದು ಬಸ್ ತಿರುಗಿಸೋಕೂ ಜಾಗ ಹುಡುಕಬೇಕು.

ಪಾಠದಲ್ಲಿ ಸಾಮಾನ್ಯವಾಗಿ ಬಾರದ ಒಂದು ಕಾರಣ ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸುತ್ತದೆ. ಅದು ಗಡಿ. ಇವತ್ತು ಕರ್ನಾಟಕದ ಅದಿರು ಅಂದರೆ ಬಳ್ಳಾರಿ, ಸಂಡೂರು. ಆಗ ಬಳ್ಳಾರಿ ಇದ್ದಿದ್ದು ಬ್ರಿಟಿಷರ ಮದ್ರಾಸ್ ಪ್ರಾಂತ್ಯದಲ್ಲಿ. ಸಂಡೂರು ಬೇರೆಯೇ ಒಂದು ಸಂಸ್ಥಾನ. ಬಳ್ಳಾರಿ ಮೈಸೂರಿಗೆ ಸೇರಿದ್ದು 1953ರಲ್ಲಿ. ಮೈಸೂರಿನ ದಿವಾನರಿಗೆ ತಮ್ಮ ರಾಜ್ಯದೊಳಗೆ ಕೈಗೆ ಸಿಗುವ ಒಳ್ಳೆಯ ಅದಿರು ಬಾಬಾಬುಡನ್‌ಗಿರಿಯದ್ದೇ. ಕಾಡೂ ಸರ್ಕಾರದ್ದು, ಗಣಿಯೂ ಸರ್ಕಾರದ್ದು, ಕಾರ್ಖಾನೆಯೂ ಸರ್ಕಾರದ್ದು. ಲಾಭ ಒಂದನ್ನೇ ನೋಡುವ ಕಂಪನಿ ಆಗಿದ್ದರೆ ಇಲ್ಲಿ ಹಣ ಹಾಕುತ್ತಿತ್ತಾ? ನನಗೆ ಅನುಮಾನ. ಟಾಟಾದವರು ಜಮ್‌ಶೆಡ್‌ಪುರ ಆರಿಸಿದ್ದು ಝರಿಯಾ ಕಲ್ಲಿದ್ದಲು, ಒಡಿಶಾದ ಅದಿರು ಎರಡೂ ಹತ್ತಿರ ಇದ್ದ ಕಾರಣಕ್ಕೆ. ಭದ್ರಾವತಿ ಒಂದು ಸಂಸ್ಥಾನದ ಹಟದಿಂದ ಹುಟ್ಟಿದ್ದು.

ಆ ಹಟಕ್ಕೆ ಶುರುವಿನಲ್ಲೇ ಪೆಟ್ಟು ಬಿತ್ತು. ಮೊದಲ ಮಹಾಯುದ್ಧದ ಕಾಲದಲ್ಲಿ ಕಬ್ಬಿಣದ ದರ ಏರಿತ್ತು. ಕುಲುಮೆಗೆ ಬೆಂಕಿ ಬೀಳುವ ಹೊತ್ತಿಗೆ ಅದು ಇಳಿದಿತ್ತು. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರೇ ವಾಪಸ್ ಬಂದು ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಅದನ್ನು ಹಳಿಗೆ ತರಬೇಕಾಯಿತು. ಇದ್ದಿಲು ಸುಡುವಾಗ ಬರುವ ಹೊಗೆಯನ್ನೂ ಇಲ್ಲಿ ಬಿಡಲಿಲ್ಲ. ಮರವನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ, ಬರುವ ಆವಿಯನ್ನು ತಣಿಸಿ ಮರದ ಮದ್ಯಸಾರ, ಅಸಿಟೇಟ್, ಡಾಂಬರು ತೆಗೆಯುವ ಘಟಕ ಇತ್ತು. ಇದ್ದಿಲಿನಲ್ಲಿ ಗಂಧಕ ತೀರಾ ಕಮ್ಮಿ, ಹಾಗಾಗಿ ಇಲ್ಲಿನ ಬೀಡು ಕಬ್ಬಿಣ (ಊದುಕುಲುಮೆಯಿಂದ ನೇರವಾಗಿ ಬರುವ ಕಬ್ಬಿಣ) ಒಳ್ಳೆಯ ಗುಣಮಟ್ಟದ್ದು ಅಂತ ಹೆಸರು ಮಾಡಿತು.

ಖರ್ಚಾಗಿದ್ದು ಕಾಡು. ಲೆಕ್ಕ ಸ್ಥೂಲವಾಗಿ ಹೀಗೆ: ಒಂದು ಟನ್ ಕಬ್ಬಿಣಕ್ಕೆ ಹೆಚ್ಚೂಕಮ್ಮಿ ಒಂದು ಟನ್ ಇದ್ದಿಲು. ಒಂದು ಟನ್ ಇದ್ದಿಲಿಗೆ ನಾಲ್ಕೈದು ಟನ್ ಸೌದೆ. ಪ್ರತಿ ದಿನ, ವರ್ಷಗಟ್ಟಲೆ. ಹತ್ತಿರದ ಕಾಡು ಮುಗಿದಂತೆ ದೂರದ ಕಾಡಿಗೆ ಹೋಗಬೇಕು. ದೂರ ಹೋದಷ್ಟೂ ಇದ್ದಿಲು ಪುಡಿಯಾಗುತ್ತದೆ, ಸಾಗಣೆ ಖರ್ಚು ಏರುತ್ತದೆ. ಇನ್ನೊಂದು ಮಿತಿಯೂ ಇತ್ತು. ಇದ್ದಿಲು ಮೆತ್ತಗೆ. ಕುಲುಮೆ ತುಂಬಾ ಎತ್ತರ ಕಟ್ಟಿದರೆ ಮೇಲಿನ ಅದಿರಿನ ಭಾರಕ್ಕೆ ಕೆಳಗಿನ ಇದ್ದಿಲು ಜಜ್ಜಿಹೋಗುತ್ತದೆ. ಕೋಕ್ ಹಾಕುವ ಕುಲುಮೆಗಳು ದೊಡ್ಡದಾಗುತ್ತಾ ಹೋದವು, ಇದ್ದಿಲಿನ ಕುಲುಮೆ ಸಣ್ಣದಾಗಿಯೇ ಉಳಿಯಿತು.

ಈ ಹಂತದಲ್ಲಿ ಗೈಡಿನವರ ಜೋಗ ಬರುತ್ತದೆ. 1950ರ ದಶಕದಲ್ಲಿ ಭದ್ರಾವತಿಯಲ್ಲಿ ವಿದ್ಯುತ್ ಕುಲುಮೆಗಳು ಬಂದವು. ಇಂಗಾಲಕ್ಕೆ ಎರಡು ಕೆಲಸ ಅಂದೆನಲ್ಲ, ಅದರಲ್ಲಿ ಕಾಯಿಸುವ ಕೆಲಸವನ್ನು ಕರೆಂಟು ವಹಿಸಿಕೊಂಡಿತು. ಆಮ್ಲಜನಕ ಕೀಳುವ ಕೆಲಸಕ್ಕೆ ಮಾತ್ರ ಇಂಗಾಲ ಸಾಕಾಯಿತು. ಸೌದೆಯ ಖರ್ಚು ಕಮ್ಮಿಯಾಯಿತು, ಪೂರ್ತಿ ನಿಲ್ಲಲಿಲ್ಲ. ಘಟ್ಟದ ಮೇಲೆ ಬೀಳುವ ಅದೇ ಮಳೆ ಮೊದಲು ಮರವಾಗಿ ಕುಲುಮೆಗೆ ಬಂದಿತ್ತು, ಈಗ ಶರಾವತಿ ನೀರಾಗಿ ಜೋಗದ ಹತ್ತಿರ ಧುಮುಕಿ, ಕರೆಂಟಾಗಿ ತಂತಿಯಲ್ಲಿ ಬಂತು. ಗೈಡಿನ ಉತ್ತರವನ್ನು ‘ಕಾರ್ಖಾನೆ ಬಂದಿದ್ದು ಇದಕ್ಕೆ’ ಅನ್ನುವ ಬದಲು ‘ಕಾರ್ಖಾನೆ ಉಳಿದಿದ್ದು ಇದರಿಂದ’ ಅಂತ ತಿದ್ದಿಕೊಂಡರೆ ಸರಿಹೋಗುತ್ತದೆ.

ಪಕ್ಕದ ಕಾಗದದ ಕಾರ್ಖಾನೆ, ಅಂದರೆ ಎಂಪಿಎಂ (ಮೈಸೂರು ಪೇಪರ್ ಮಿಲ್ಸ್), 1936ರಲ್ಲಿ ಸ್ಥಾಪನೆಯಾಗಿದ್ದೂ ಇದೇ ಲೆಕ್ಕದಲ್ಲಿ: ಕಾಡಿನ ಬಿದಿರು, ಭದ್ರಾ ನೀರು, ಹೇಗೂ ಇದ್ದ ರೈಲು. ಅದರ ಬಗ್ಗೆ ಬೇರೆ ಪ್ರಶ್ನೆ ಬಂದರೆ ನೋಡೋಣ.

ಈಗ ಹೊಸದಾಗಿ ಕಟ್ಟೋದಾದರೆ ಯಾರಾದರೂ ಭದ್ರಾವತಿ ಆರಿಸುತ್ತಾರಾ? ಇಲ್ಲ. ಕೆಮ್ಮಣ್ಣುಗುಂಡಿಯಲ್ಲಿ ಗಣಿಗಾರಿಕೆ ನಿಂತಿದೆ. ಸುತ್ತಲಿನ ಕಾಡಿನಲ್ಲಿ ಒಂದು ದೊಡ್ಡ ಭಾಗ ಭದ್ರಾ ಅಭಯಾರಣ್ಯ, ಅಲ್ಲಿ ಸೌದೆಯ ಮಾತೇ ಇಲ್ಲ. ಕಾರ್ಖಾನೆ ಇದ್ದಿಲು ಬಿಟ್ಟು ಕೋಕ್‌ಗೆ ಹೊರಳಿದ ದಿನವೇ ಭದ್ರಾವತಿಯ ವಿಶೇಷ ಹೋಯಿತು. ಇಂಧನವೂ ದೂರದಿಂದ, ಅದಿರೂ ದೂರದಿಂದ, ಕುಲುಮೆ ಮಾತ್ರ ಹಳೆಯ ಅಳತೆಯದ್ದು. 1998ರಲ್ಲಿ ಅದು ಕೇಂದ್ರದ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು. 2023ರಲ್ಲಿ ಮುಚ್ಚುವ ಮಾತು ಬಂದಾಗ ಊರಿನಲ್ಲಿ ದೊಡ್ಡ ಹೋರಾಟವೇ ನಡೆಯಿತು. ಇವತ್ತು ಹಣ ಹಾಕುವವರು ಬಳ್ಳಾರಿಯ ತೋರಣಗಲ್ಲು ಕಡೆ ನೋಡುತ್ತಾರೆ. ಅಲ್ಲಿ ಅದಿರು ಕಾಲ ಬುಡದಲ್ಲಿದೆ. ಕಲ್ಲಿದ್ದಲು ವಿದೇಶದಿಂದ ಹಡಗಿನಲ್ಲಿ ಬಂದರಿಗೆ ಬಂದು, ರೈಲು ಹತ್ತಿ ಬರುತ್ತದೆ. ಮಗಳ ಪಾಠದಲ್ಲಿ ‘ಕಲ್ಲಿದ್ದಲಿನ ಹತ್ತಿರ’ ಅನ್ನುವ ಮಾತು ಅಲ್ಲಿಗೂ ಹೊಂದುವುದಿಲ್ಲ, ನೋಡಿ. ಸಾಗಣೆ ಅಗ್ಗವಾದಂತೆ ಆ ಸೂತ್ರ ಸಡಿಲವಾಗಿದೆ.

ಪರೀಕ್ಷೆಗೆ ಅಂತಾದರೆ ಹೀಗೆ ಬರೆಯಲಿ: ಕೆಮ್ಮಣ್ಣುಗುಂಡಿಯ ಅದಿರು, ಸುತ್ತಲಿನ ಕಾಡಿನ ಇದ್ದಿಲು, ಭಂಡಿಗುಡ್ಡದ ಸುಣ್ಣದ ಕಲ್ಲು, ಭದ್ರಾ ನದಿಯ ನೀರು, ಬೀರೂರು–ಶಿವಮೊಗ್ಗ ರೈಲು, ಮತ್ತು 1948ರ ನಂತರ ಜೋಗದ ವಿದ್ಯುತ್. ಆ ‘ನಂತರ’ ಬಿಡಬಾರದು. ನಕ್ಷೆಯಲ್ಲಿ ಗುರುತಿಸಲು ಕೊಟ್ಟರೆ ಚುಕ್ಕೆಯನ್ನು ಶಿವಮೊಗ್ಗದ ಆಗ್ನೇಯಕ್ಕೆ, ಭದ್ರಾ ನದಿಯ ಮೇಲೆ ಇಡಲಿ. ತುಂಗಾ ದಡದಲ್ಲಿ ಇಟ್ಟು ಬರುವ ಮಕ್ಕಳು ತುಂಬಾ ಜನ.