ಅಮೆರಿಕದ ಟ್ರಕ್ ಚಾಲನಾ ಗಂಟೆಗಳು: ಏಳು–ಮೂರರ ಲೆಕ್ಕ

ಡಿಸ್ಪ್ಯಾಚ್ ಕೆಲಸಕ್ಕಾಗಿ, ಅಂದರೆ ಟ್ರಕ್ಕುಗಳ ಓಡಾಟ ಯೋಜಿಸುವ ಕೆಲಸಕ್ಕಾಗಿ, ಓದುತ್ತಿರುವವರಿಗೆ ಈ ಟಿಪ್ಪಣಿ. ಸರಕು ಸಾಗಿಸುವ ಟ್ರಕ್ಕುಗಳಿಗೆ ಅನ್ವಯಿಸುವ ಅಮೆರಿಕದ ಫೆಡರಲ್ ನಿಯಮ ಮಾತ್ರ ಇಲ್ಲಿದೆ. ಬಸ್ಸುಗಳ ಅಂಕಿಗಳೇ ಬೇರೆ, ಬೆರೆಸಿಕೊಳ್ಳಬೇಡಿ.

ಬಾಯಿಪಾಠ ಮಾಡಬೇಕಾದದ್ದು ಇಷ್ಟೇ. ಸತತ 10 ಗಂಟೆ ವಿಶ್ರಾಂತಿಯ ನಂತರ 11 ಗಂಟೆ ಚಾಲನೆ. ಕೆಲಸಕ್ಕೆ ಹಾಜರಾದ ಕ್ಷಣದಿಂದ 14 ಗಂಟೆಯ ಗಡುವು. ಅದು ಮುಗಿದ ಮೇಲೆ ಟ್ರಕ್ ಓಡಿಸುವಂತಿಲ್ಲ. ಒಟ್ಟು 8 ಗಂಟೆ ಓಡಿಸಿದ ಮೇಲೆ 30 ನಿಮಿಷ ಬಿಡುವು. ವಾರದ ಏಳೂ ದಿನ ಟ್ರಕ್ ಓಡಿಸುವ ಕಂಪನಿಯಾದರೆ 8 ದಿನಗಳಲ್ಲಿ 70 ಗಂಟೆ ಕರ್ತವ್ಯ. ಸತತ 34 ಗಂಟೆ ವಿಶ್ರಾಂತಿ ಪಡೆದರೆ ಈ 70ರ ಲೆಕ್ಕ ಮತ್ತೆ ಸೊನ್ನೆಯಿಂದ ಶುರು. 30 ನಿಮಿಷದ ಬಿಡುವಿಗೆ ಮಲಗಲೇಬೇಕೆಂದಿಲ್ಲ. 2020ರ ಸೆಪ್ಟೆಂಬರ್ ತಿದ್ದುಪಡಿಯ ನಂತರ ಡೀಸೆಲ್ ತುಂಬಿಸುತ್ತಾ ನಿಂತರೂ ನಡೆಯುತ್ತದೆ, ಆದರೆ ಆ ಅರ್ಧ ಗಂಟೆ ಸತತವಾಗಿರಬೇಕು.

11 ಮತ್ತು 14ರ ಸ್ವಭಾವ ಒಂದೇ ಅಲ್ಲ. 11 ಚಕ್ರ ಉರುಳಿದಾಗ ಮಾತ್ರ ಕರಗುತ್ತದೆ. 14 ಊಟಕ್ಕೆ ನಿಂತರೂ, ಗೋದಾಮಿನ ಬಾಗಿಲಲ್ಲಿ ಕಾಯುತ್ತಾ ಕುಳಿತರೂ ಕರಗುತ್ತಲೇ ಇರುತ್ತದೆ. ಯೋಜನೆ ಕೆಡುವುದು ಸಾಮಾನ್ಯವಾಗಿ 11ರಿಂದಲ್ಲ, 14ರಿಂದ.

ಈ 14 ಕರಗುವುದನ್ನು ನಿಲ್ಲಿಸುವ ಒಂದೇ ನಿತ್ಯದ ಉಪಾಯ ವಿಶ್ರಾಂತಿಯನ್ನು ಎರಡು ತುಂಡು ಮಾಡುವುದು. ಒಂದು ತುಂಡು ಕನಿಷ್ಠ 7 ಗಂಟೆ, ಅದೂ ಟ್ರಕ್ಕಿನೊಳಗೇ ಮಲಗುವ ಜಾಗವಾದ ಸ್ಲೀಪರ್ ಬರ್ತ್‌ನಲ್ಲೇ. ಇನ್ನೊಂದು ಕನಿಷ್ಠ 2 ಗಂಟೆ, ಬರ್ತ್‌ನಲ್ಲಾಗಲಿ ಹೊರಗಾಗಲಿ. ಎರಡೂ ಸೇರಿ 10 ಆಗಲೇಬೇಕು. ಅಂದರೆ 7ಕ್ಕೆ 3 ಬೇಕು, 8ಕ್ಕೆ 2 ಸಾಕು. 7 ಮತ್ತು 2 ಸೇರಿಸಿದರೆ ಏನೂ ಸಿಗುವುದಿಲ್ಲ. ಯಾವ ತುಂಡು ಮೊದಲು ಬಂದರೂ ಅಡ್ಡಿಯಿಲ್ಲ.

ಇಷ್ಟನ್ನು ಓದಿದವರು ಎಡವುವುದು ಮುಂದಿನ ಹೆಜ್ಜೆಯಲ್ಲಿ. ಜೋಡಿ ಪೂರ್ತಿಯಾದ ಮೇಲೆ ಹೊಸ ಲೆಕ್ಕ ಎಲ್ಲಿಂದ? ಎರಡನೇ ತುಂಡು ಮುಗಿದಲ್ಲಿಂದ ಅಲ್ಲ. ಮೊದಲ ತುಂಡು ಮುಗಿದಲ್ಲಿಂದ. ಇದನ್ನು ಗಡಿಯಾರ ಹಿಡಿದು ನೋಡಿದರೆ ಮಾತ್ರ ತಲೆಗೆ ಹತ್ತುತ್ತದೆ.

ಚಾಲಕರು 10 ಗಂಟೆ ವಿಶ್ರಮಿಸಿ 6:00ಕ್ಕೆ ಕೆಲಸ ಶುರು ಮಾಡಿದರು. ವಾಹನ ತಪಾಸಣೆ, ಲೋಡಿಂಗ್‌ಗೆ ಒಂದು ಗಂಟೆ. 7:00ರಿಂದ 11:00ರವರೆಗೆ ಚಾಲನೆ, 4 ಗಂಟೆ. 11:00ರಿಂದ 14:00ರವರೆಗೆ ವಿಶ್ರಾಂತಿ, 3 ಗಂಟೆ. 14:00ರಿಂದ 21:00ರವರೆಗೆ ಚಾಲನೆ, 7 ಗಂಟೆ. 11 ಮುಗಿಯಿತು. ಗಡುವು 20:00ಕ್ಕೇ ತೀರಬೇಕಿತ್ತಲ್ಲವೇ? ಆ 3 ಗಂಟೆ ಲೆಕ್ಕದಿಂದ ಹೊರಗುಳಿಯುವುದರಿಂದ 23:00ರವರೆಗೆ ಉಂಟು. 21:00ರಿಂದ 4:00ರವರೆಗೆ ಬರ್ತ್‌ನಲ್ಲಿ 7 ಗಂಟೆ ನಿದ್ದೆ. ಜೋಡಿ ಕೂಡಿತು. ಈ 7 ಪೂರ್ತಿಯಾಗದಿದ್ದರೆ ಹಿಂದಿನ 3 ಕೂಡ ಗಡುವಿನೊಳಗೆ ಸೇರಿಬಿಡುತ್ತದೆ, 20:00ರ ನಂತರ ಓಡಿಸಿದ್ದೆಲ್ಲ ಉಲ್ಲಂಘನೆ.

ಈಗ 4:00 ಗಂಟೆ. ಹೊಸದಾಗಿ 11 ಸಿಕ್ಕಿತೇ? ಇಲ್ಲ. 14:00ಕ್ಕೆ ಹಿಂದಿರುಗಿ ಎಣಿಸಿ. ಅಲ್ಲಿಂದ 7 ಗಂಟೆ ಓಡಿಸಿಯಾಗಿದೆ, ಉಳಿದದ್ದು 4. ಗಡುವಿನಲ್ಲೂ 7 ಕಳೆದಿದೆ (ಬರ್ತ್‌ನ ಏಳು ಎಣಿಕೆಗೆ ಬರುವುದಿಲ್ಲ), ಉಳಿದದ್ದು 7. ಬರ್ತ್‌ನಿಂದ ಎದ್ದವರ ಕೈಯಲ್ಲಿ ನಾಲ್ಕೇ ಗಂಟೆ ಚಾಲನೆ! ಹೊಸ ಡಿಸ್ಪ್ಯಾಚರ್ ಗ್ರಾಹಕರಿಗೆ ಮಾತು ಕೊಟ್ಟು ಸಿಕ್ಕಿಬೀಳುವುದು ಇಲ್ಲೇ.

ಸರಪಣಿ ಮುಂದುವರಿಯುತ್ತದೆ. 4:00ರಿಂದ 8:00ರವರೆಗೆ ಓಡಿಸಿ, 11:00ರವರೆಗೆ 3 ಗಂಟೆ ನಿಂತರೆ, ಈ 3 ಹಿಂದಿನ 7ರ ಜೊತೆ ಕೂಡುತ್ತದೆ. ಈಗ ಎಣಿಕೆ 4:00ರಿಂದ: ಚಾಲನೆಯಲ್ಲಿ 4 ಹೋಗಿ 7 ಉಳಿದಿದೆ, ಗಡುವಿನಲ್ಲಿ 10. ನನ್ನ ನೆಚ್ಚಿನ ಅಡ್ಡದಾರಿ ಒಂದೇ ಪ್ರಶ್ನೆ: ಎರಡು ತುಂಡುಗಳ ನಡುವೆ ಎಷ್ಟು ಓಡಿಸಿದ್ದಾರೆ? ಅದನ್ನು 11ರಿಂದ ಕಳೆಯಿರಿ, ಉತ್ತರ ಬಂತು. ಸತತ 10 ಗಂಟೆ ವಿಶ್ರಮಿಸಿದರೆ ಈ ಸರಪಣಿ ಕಳಚಿಕೊಂಡು ಎಲ್ಲ ಹೊಸದು. 70ರ ಲೆಕ್ಕ ಮಾತ್ರ ಈ ಯಾವುದಕ್ಕೂ ಬಗ್ಗುವುದಿಲ್ಲ.

ಮಾರ್ಗದ ಮೇಲೆ ಇಡುವಾಗ ಇನ್ನೆರಡು ಮಾತು. ಷಿಕಾಗೋದಿಂದ ಸಾಲ್ಟ್ ಲೇಕ್ ಸಿಟಿಗೆ ಇಂಟರ್‌ಸ್ಟೇಟ್ 80 ಹೆದ್ದಾರಿಯಲ್ಲಿ ಹೋಗುವಾಗ ನೆಬ್ರಾಸ್ಕಾದ ಪಶ್ಚಿಮ ಭಾಗದಲ್ಲಿ ಕಾಲವಲಯ ಬದಲಾಗುತ್ತದೆ. ಲಾಗ್ (ಈ ಗಂಟೆಗಳ ದಾಖಲೆ) ಮಾತ್ರ ಚಾಲಕರ ಮೂಲ ಟರ್ಮಿನಲ್‌ನ ಸಮಯದಲ್ಲೇ ನಡೆಯುತ್ತದೆ. ಷಿಕಾಗೋದ ಚಾಲಕರಿಗೆ ಸಾಲ್ಟ್ ಲೇಕ್‌ನ 8:00ರ ಅಪಾಯಿಂಟ್‌ಮೆಂಟ್ ಲಾಗ್‌ನಲ್ಲಿ 9:00.

ವಯೋಮಿಂಗ್‌ನಲ್ಲಿ, ಅದರಲ್ಲೂ ಇದೇ ದಾರಿಯ ಲಾರಮಿ–ರಾಲಿನ್ಸ್ ನಡುವೆ, ಚಳಿಗಾಲದ ಗಾಳಿ ಮತ್ತು ಹಿಮಕ್ಕೆ ಹೆದ್ದಾರಿಯನ್ನೇ ಮುಚ್ಚುವುದುಂಟು. ಪ್ರತಿಕೂಲ ಹವೆಗೆ 11ಕ್ಕೂ 14ಕ್ಕೂ ಎರಡೆರಡು ಗಂಟೆ ವಿನಾಯಿತಿ ಇದೆ, ಆದರೆ ಹೊರಡುವಾಗ ತಿಳಿದಿರದ ಹವೆಗೆ ಮಾತ್ರ. ಹಿಂದಿನ ರಾತ್ರಿಯೇ ಮುನ್ಸೂಚನೆ ಬಂದಿದ್ದರೆ ಆ ಎರಡು ಗಂಟೆಯನ್ನು ಯೋಜನೆಗೆ ಸೇರಿಸಬೇಡಿ. ಮೂರು ಗಂಟೆಯ ತುಂಡನ್ನು ಲಾರಮಿಗೆ ಮುಂಚೆಯೇ, ಪಾರ್ಕಿಂಗ್ ಖಚಿತವಾಗಿ ಸಿಗುವಲ್ಲಿ ಹಾಕಿಡಿ.